ಬೋರ್ ನೀರಲ್ಲಿ ನೊರೆ ಯಾಕೆ ಬರಲ್ಲ?

ಕೆಜಿಎಫ್‌ಗೆ ಒಂದು ಕಾಲದಲ್ಲಿ ಬೇತಮಂಗಲ ಕೆರೆಯ ನೀರು ಬರ್ತಿತ್ತು. ಈಗ ಬಂಗಾರಪೇಟೆ ಸುತ್ತಮುತ್ತ ಎಷ್ಟೋ ಮನೆಗಳಿಗೆ ಬೋರ್‌ವೆಲ್ಲೇ ಗತಿ. ಬಂಡೆಯ ಬಿರುಕಲ್ಲಿ ನಿಂತ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿರುತ್ತೆ. ಅದೇ ಗಡಸು ನೀರು: ಸೋಪು ನೊರೆ ಬಿಡಲ್ಲ, ಗೀಸರ್‌ನಲ್ಲಿ ಬಿಳಿ ಪದರ ಕಟ್ಟುತ್ತೆ. ಮಳೆನೀರು ಮೆದು.

ಕುದಿಸಿದರೆ ಬೈಕಾರ್ಬೊನೇಟ್‌ನ ಗಡಸುತನ ಮಾತ್ರ ಹೋಗುತ್ತೆ. ಸಲ್ಫೇಟ್, ಕ್ಲೋರೈಡ್‌ನದು ಹೋಗಲ್ಲ. ಬಟ್ಟೆಗೆ ವಾಷಿಂಗ್ ಸೋಡಾ ಸಾಕು. ಇಡೀ ಮನೆಗಾದರೆ ಸಾಫ್ಟ್‌ನರ್: ಅದರೊಳಗಿನ ರೆಸಿನ್ ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತೆ.

ಆದರೆ ಕೋಲಾರ ಜಿಲ್ಲೆಯ ದೊಡ್ಡ ತೊಂದರೆ ಫ್ಲೋರೈಡ್. ಅದು ಕುದಿಸಿದರೂ ಹೋಗಲ್ಲ, ಸಾಫ್ಟ್‌ನರ್‌ಗೂ ಸಿಗಲ್ಲ. ಲೀಟರಿಗೆ 1.5 ಮಿ.ಗ್ರಾಂ. ದಾಟಿದರೆ ಹಲ್ಲು, ಮೂಳೆಗೆ ಅಪಾಯ. ಹಾಗಾಗಿ ಮೊದಲು ನೀರು ಟೆಸ್ಟ್ ಮಾಡಿಸಿ, ಫ್ಲೋರೈಡ್ ಎಷ್ಟಿದೆ ಅಂತಲೂ ಕೇಳಿ. ಜಾಸ್ತಿ ಇದ್ದರೆ ಕುಡಿಯೋಕೆ ಆರ್‌ಓ ನೀರೇ ಬಳಸಿ.