ಕಾಶಿಯ ಭೌತಶಾಸ್ತ್ರ ವಿಭಾಗವೂ ನಮ್ಮ ಹುಡುಗರೂ

ಕಾಶೀಯಾತ್ರೆ ಮಾಡುವ ನಮ್ಮ ಬಾಂಧವರು ಗಂಗಾಸ್ನಾನ, ವಿಶ್ವನಾಥ ದರ್ಶನಗಳನ್ನು ಮುಗಿಸಿ, ಗಂಗಾಜಲದ ತಂಬಿಗೆಯೊಡನೆ ಹಿಂತಿರುಗುವುದು ವಾಡಿಕೆ. ನಗರದ ದಕ್ಷಿಣದಲ್ಲಿರುವ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದವರೂ ಅಲ್ಲಿಯ ಹೊಸ ವಿಶ್ವನಾಥ ಮಂದಿರವನ್ನು ಕಂಡು ಮರಳುವರೇ ಹೊರತು, ಅದೇ ಆವರಣದ ಭೌತಶಾಸ್ತ್ರ ವಿಭಾಗದತ್ತ ಕಣ್ಣು ಹಾಯಿಸುವವರು ವಿರಳ. ನಮಗೂ ಅದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು, ಅದು ನೂರು ವರ್ಷಗಳಿಗೂ ಹಳೆಯದು.

ಪಂಡಿತ ಮದನಮೋಹನ ಮಾಳವೀಯರು ಕಟ್ಟಿದ ಆ ವಿದ್ಯಾಪೀಠದ ಪ್ರಥಮ ಕುಲಾಧಿಪತಿಗಳು ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರವರು. 1916ರ ಫೆಬ್ರವರಿಯಲ್ಲಿ ಅಡಿಗಲ್ಲು ಸಮಾರಂಭದ ಸಂದರ್ಭದಲ್ಲಿ ನಡೆದ ಉಪನ್ಯಾಸಗಳಲ್ಲಿ ಭೌತಶಾಸ್ತ್ರದ ಬಗೆಗೆ ಮಾತನಾಡಿದವರು, ಮುಂದೆ ಬೆಂಗಳೂರನ್ನೇ ಮನೆಯಾಗಿಸಿಕೊಂಡ ಸಿ. ವಿ. ರಾಮನ್. ಅಂದು ಅವರ ವಯಸ್ಸು 27. ಅವರಿನ್ನೂ ಪ್ರಾಧ್ಯಾಪಕರಾಗಿರಲಿಲ್ಲ, ಕಲ್ಕತ್ತೆಯಲ್ಲಿ ಸರಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದರು. ಕಚೇರಿಗೆ ಮೊದಲು ಮುಂಜಾನೆಯೂ ಕಚೇರಿ ಮುಗಿದ ಬಳಿಕ ಸಂಜೆಯೂ ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದರು. ಅವರಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹಗಲೆಲ್ಲ ಲೆಕ್ಕಪತ್ರಗಳ ನಡುವೆ ಕಳೆಯುವ ಗುಮಾಸ್ತ ಮಿತ್ರರು ಇದನ್ನು ನೆನಪಿಡಬೇಕು. ರಸಾಯನಶಾಸ್ತ್ರದಲ್ಲಿಯೂ ಕಾಶಿಯ ಋಣ ನಮಗಿದೆ. 2014ರಲ್ಲಿ ಭಾರತರತ್ನ ಪಡೆದ ಬೆಂಗಳೂರಿನ ಸಿ. ಎನ್. ಆರ್. ರಾವ್ ಅವರು 1953ರಲ್ಲಿ ಎಂ.ಎಸ್‌ಸಿ. ಮುಗಿಸಿದ್ದು ಅಲ್ಲಿಯೇ.

ಭೌತಶಾಸ್ತ್ರ ವಿಭಾಗಗಳಲ್ಲಿ ಸೆಮಿನಾರೆಂಬ ಪದ್ಧತಿಯೊಂದುಂಟು. ವಿದ್ಯಾರ್ಥಿಯು ಒಂದು ವಿಷಯವನ್ನು ಅಭ್ಯಸಿಸಿ, ಸಹಪಾಠಿಗಳ ಹಾಗೂ ಅಧ್ಯಾಪಕರ ಮುಂದೆ ನಿಂತು ವಿವರಿಸಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ನಮ್ಮ ಹುಡುಗರು ಸಂಕೋಚದಿಂದಲೋ ಇಂಗ್ಲಿಷಿನ ಅಂಜಿಕೆಯಿಂದಲೋ ಹಿಂದಿನ ಬೆಂಚಿಗೆ ಸರಿಯುವುದು ಇಲ್ಲಿಯೇ. ನಷ್ಟವಾಗುವುದೂ ಇಲ್ಲಿಯೇ.

ಹೇಗೆಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿ, ಪ್ರಯಾಗರಾಜಗಳ ಅಕಾಡೆಮಿಗಳೊಡನೆ ಸೇರಿ, ಬೇಸಗೆಯಲ್ಲಿ ಎರಡು ತಿಂಗಳು ಹಿರಿಯ ವಿಜ್ಞಾನಿಗಳ ಬಳಿ ಕೆಲಸ ಕಲಿಯಲು ವಿದ್ಯಾರ್ಥಿಗಳಿಗೆ ವೇತನ ಕೊಡುತ್ತ ಬಂದಿದೆ. ಅರ್ಜಿಯೊಡನೆ ವಿದ್ಯಾರ್ಥಿಯ ಸ್ವಂತ ಬರಹವೂ ಅಧ್ಯಾಪಕರ ಶಿಫಾರಸೂ ಇರಬೇಕು. ಬಾಯಿ ತೆರೆಯದ ವಿದ್ಯಾರ್ಥಿಯ ಕುರಿತು ಅಧ್ಯಾಪಕರಾದರೂ ಏನೆಂದು ಬರೆದಾರು?

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಹೊಟೇಲು ನಡೆಸುತ್ತಿದ್ದಾಗ, ದೋಸೆ ಭಟ್ಟರ ಮಗ ಬಿ.ಎಸ್‌ಸಿ. ಓದುತ್ತಿದ್ದ. “ಓದಿದ್ದು ಸಾಕು ಭಟ್ಟರೇ, ಹುಡುಗನನ್ನು ಗಲ್ಲೆಯಲ್ಲಿ ಕೂರಿಸಿ” ಎಂದವನು ನಾನೇ. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದವನಿಗೆ ಅದಕ್ಕಿಂತ ದೂರ ಕಾಣಲಿಲ್ಲ. ಆ ವಾರವೇ ಅವನ ಸೆಮಿನಾರಿನ ಸರದಿ ಬಂತು. ಚೆನ್ನಾಗಿ ಕಾದ ಕಾವಲಿಗೆ ಚಿಮುಕಿಸಿದ ನೀರಿನ ಹನಿ ಒಡನೆಯೇ ಆರಿಹೋಗದೆ ಓಡಾಡುವುದೇಕೆ ಎಂಬುದು ಅವನು ಆರಿಸಿಕೊಂಡ ವಿಷಯ. ಹನಿಗೂ ಕಾವಲಿಗೂ ನಡುವೆ ಆವಿಯ ತೆಳುಪದರ ಉಂಟಾಗಿ ಹನಿಯನ್ನು ಎತ್ತಿಹಿಡಿಯುತ್ತದೆ. ಆವಿಯ ಮೂಲಕ ಶಾಖ ಬೇಗನೆ ದಾಟದು. 1756ರಲ್ಲಿ ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯನು ಬಣ್ಣಿಸಿದ ಈ ಸಂಗತಿಯನ್ನು ಭಟ್ಟರ ಮಗ ಬಾಲ್ಯದಿಂದಲೇ ಕಂಡಿದ್ದ. ತಡವರಿಸುತ್ತಲೇ ಹೇಳಿದನಂತೆ. ಪಾಠ ಮುಗಿದ ಮೇಲೆ ಅಧ್ಯಾಪಕರು ಮೊದಲ ಬಾರಿಗೆ ಅವನ ಹೆಸರು ಕೇಳಿ, ಶನಿವಾರ ಪ್ರಯೋಗಶಾಲೆಗೆ ಬರಹೇಳಿದರು. ಗಲ್ಲೆಗೆ ಬೇರೊಬ್ಬನನ್ನು ನೇಮಿಸಿದೆ. ಆ ನಷ್ಟವನ್ನು ನಾನು ಇಂದಿಗೂ ಲಾಭದ ಲೆಕ್ಕದಲ್ಲಿಯೇ ಬರೆದುಕೊಂಡಿದ್ದೇನೆ.

“ಸಂಶೋಧನೆಯೆಂದರೆ ಹೊಟ್ಟೆಗೇನು?” ಎಂಬ ತಂದೆತಾಯಿಗಳ ಚಿಂತೆ ಅನ್ಯಾಯದ್ದಲ್ಲ. ಎಂ.ಎಸ್‌ಸಿ. ಬಳಿಕ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾಗಿ ಸಂಶೋಧನೆಗೆ ಸೇರಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. ಕಾಶಿಯ ಪದವಿ ತರಗತಿಗಳಿಗೆ 2022ರಿಂದ ಸಿ.ಯು.ಇ.ಟಿ. ಪರೀಕ್ಷೆಯ ಮೂಲಕ ಪ್ರವೇಶ. ಆ ಪರೀಕ್ಷೆ ನಡೆಯುವ 13 ಭಾಷೆಗಳಲ್ಲಿ ಕನ್ನಡವೂ ಒಂದು.

ಬಾಂಧವರೇ, ಮಗನಾಗಲಿ ಮಗಳಾಗಲಿ, ಕಾಲೇಜಿನಿಂದ ಬಂದಾಗ ಅಂಕಗಳೆಷ್ಟು ಎಂದು ಕೇಳುವ ಮೊದಲು, ಇಂದು ತರಗತಿಯಲ್ಲಿ ಏನು ಕೇಳಿದೆ, ಏನು ಹೇಳಿದೆ ಎಂದು ವಿಚಾರಿಸಿರಿ. ಮುಂದಿನ ಕಾಶೀಯಾತ್ರೆಗೆ ಅವರನ್ನೂ ಕರೆದೊಯ್ಯಿರಿ. ವಿಶ್ವನಾಥನ ದರ್ಶನವಾದ ಮೇಲೆ ಆ ವಿಭಾಗದ ಬಾಗಿಲನ್ನೂ ಅವರಿಗೊಮ್ಮೆ ತೋರಿಸಿರಿ.