ಹೊಗಳಿಕೆಯಲ್ಲಿ ಪಕ್ಷಪಾತವೆಲ್ಲಿ?

ವೀಕ್ಷಕ ವಿವರಣೆಗಾರನು ಮೈದಾನದಲ್ಲಿ ಕಂಡುದನ್ನು ಕಂಡಂತೆಯೇ ನುಡಿಯುವನೆಂದೂ, ಕಪ್ಪುವರ್ಣದ ಆಟಗಾರನ ಬಲವನ್ನೂ ವೇಗವನ್ನೂ ಬಾಯಿತುಂಬ ಕೊಂಡಾಡುವ ಅಂಥವನ ಮೇಲೆ ವರ್ಣಭೇದದ ಆರೋಪ ಹೊರಿಸುವುದು ಕೇವಲ ಕುಚೋದ್ಯವೆಂದೂ ನಂಬಿರುವ ಸಜ್ಜನರ ಸಂಖ್ಯೆ ಅಲ್ಪವಲ್ಲ. ಬೈದರೆ ತಾನೆ ತಪ್ಪು, ಹೊಗಳಿದರೆ ಏನು ತಪ್ಪು ಎಂಬ ಈ ತರ್ಕವನ್ನು ಕೇಳಿ ಕೇಳಿ ನನ್ನ ಸಹನೆ ಸವೆದಿದೆ.

ಡೆನ್ಮಾರ್ಕಿನ ರನ್‌ರಿಪೀಟ್ ಸಂಸ್ಥೆಯು ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಆಟಗಾರರ ಸಂಘದೊಡನೆ ಕೂಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಯೂರೋಪಿನ ನಾಲ್ಕು ಲೀಗುಗಳ 80 ಪಂದ್ಯಗಳ ಇಂಗ್ಲಿಷ್ ವಿವರಣೆಯಿಂದ ಆಯ್ದ 2,073 ಉಕ್ತಿಗಳನ್ನು ಅಲ್ಲಿ ತೂಗಿ ನೋಡಲಾಗಿ, ಬಲದ ಮಾತು ಕಪ್ಪುಬಣ್ಣದ ಆಟಗಾರರನ್ನು ಕುರಿತು ಬರುವ ಸಂಭವ 6.59 ಪಟ್ಟು, ವೇಗದ ಮಾತು ಬರುವ ಸಂಭವ 8.47 ಪಟ್ಟು ಹೆಚ್ಚೆಂದು ಕಂಡುಬಂದಿತು. ಬುದ್ಧಿಯ ಶ್ಲಾಘನೆಯಲ್ಲಾದರೋ ಶೇಕಡಾ 62.6ರಷ್ಟು ತಿಳಿಬಣ್ಣದವರ ಪಾಲಾಗಿತ್ತು.

“ಅವರು ನಿಜವಾಗಿಯೂ ವೇಗವಾಗಿ ಓಡುತ್ತಾರೇನೋ” ಎಂಬ ಆಕ್ಷೇಪವು ಒಡನೆಯೇ ಹುಟ್ಟುತ್ತದೆ. ಅದಕ್ಕೆ ಮನಶ್ಶಾಸ್ತ್ರಜ್ಞ ಜೆಫ್ ಸ್ಟೋನ್ ಮತ್ತು ಸಂಗಡಿಗರು 1997ರಲ್ಲಿಯೇ ಉತ್ತರವಿತ್ತಿದ್ದಾರೆ. ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರ ರೇಡಿಯೋ ವಿವರಣೆಯನ್ನು, ಅಕ್ಷರವೊಂದೂ ವ್ಯತ್ಯಾಸವಿಲ್ಲದೆ, ಎಲ್ಲ ಶ್ರೋತೃಗಳಿಗೂ ಕೇಳಿಸಿ, ಒಬ್ಬ ಆಟಗಾರನು ಕರಿಯನೆಂದು ಕೆಲವರಿಗೂ ಬಿಳಿಯನೆಂದು ಉಳಿದವರಿಗೂ ಭಾವಚಿತ್ರದ ಮೂಲಕ ತೋರಿಸಿದಾಗ, ಕರಿಯನೆಂದು ಬಗೆದವರು ಅವನಲ್ಲಿ ದೇಹಸಾಮರ್ಥ್ಯವನ್ನೂ, ಬಿಳಿಯನೆಂದು ಬಗೆದವರು ಆಟದ ಜಾಣ್ಮೆಯನ್ನೂ ಶ್ರಮಶೀಲತೆಯನ್ನೂ ಹೆಚ್ಚಾಗಿ ಕಂಡರು. ಆಡಿದವನೊಬ್ಬನೇ, ಕೇಳಿದ ಧ್ವನಿಯೂ ಒಂದೇ! ಕಿವಿಯೇ ಹೀಗೆ ಮೋಸಹೋಗುವಾಗ ವಿವರಣೆಗಾರನ ಕಣ್ಣು ಮಾತ್ರ ನಿರ್ಲಿಪ್ತವೆಂದು ನಂಬುವುದಕ್ಕೆ ಆಧಾರವೇನು? ಇಷ್ಟರಿಂದ ಪ್ರತಿಯೊಬ್ಬ ವಿವರಣೆಗಾರನೂ ದ್ವೇಷಿಯೆಂದು ಸಿದ್ಧವಾಗುವುದಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲವಷ್ಟೆ.

ಹೊಗಳಿಕೆಯ ವಿಷಯಕ್ಕೆ ಬರುವುದಾದರೆ, ಅಮೆರಿಕದ ಸಿಬಿಎಸ್ ವಾಹಿನಿಯ ಜಿಮ್ಮಿ ಸ್ನೈಡರನು 1988ರ ಜನವರಿಯಲ್ಲಿ ಆಡಿದುದೂ, ಅವನ ಲೆಕ್ಕದಲ್ಲಿ, ಹೊಗಳಿಕೆಯೇ. ಗುಲಾಮಗಿರಿಯ ಕಾಲದಿಂದಲೂ ಒಡೆಯರು ತಳಿ ಬೆಳೆಸಿದಂತೆ ಬೆಳೆಸಿದ್ದರಿಂದಲೇ ಕರಿಯರು ಉತ್ತಮ ಕ್ರೀಡಾಪಟುಗಳಾದರೆಂದು ಅವನು ಹೇಳಿ ಕೆಲಸ ಕಳೆದುಕೊಂಡನು. ಎರಡು ವಾರ ಕಳೆಯುತ್ತಲೇ, ಬುದ್ಧಿಯ ಸ್ಥಾನವೆಂದು ಬಹುಕಾಲ ಬಿಳಿಯರಿಗೇ ಮೀಸಲಾದಂತಿದ್ದ ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ನಿಂತು ಕರಿಯ ಆಟಗಾರ ಡಗ್ ವಿಲಿಯಮ್ಸನು ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯದ ಎರಡನೆಯ ಕ್ವಾರ್ಟರ್ ಒಂದರಲ್ಲಿಯೇ ನಾಲ್ಕು ಟಚ್‌ಡೌನ್ ಪಾಸುಗಳನ್ನೆಸೆದು ವಾಷಿಂಗ್ಟನ್ ತಂಡವನ್ನು ಗೆಲ್ಲಿಸಿದನು. ಸ್ನೈಡರನಂಥ ಒಬ್ಬನನ್ನು ಹೊರಹಾಕಿದರೆ ರೋಗ ವಾಸಿಯಾಯಿತೆಂಬುದೂ ಭ್ರಮೆಯೇ. 2020ರ ಅಂಕಿಗಳು ಅವನ ತರುವಾಯದವು.

ನಮ್ಮ ಜನರ ನಂಬಿಕೆಯ ರೀತಿಯೇ ವಿಚಿತ್ರ. ಅಂಗಡಿಯವನ ತಕ್ಕಡಿಯನ್ನು ಮೂರು ಸಲ ದಿಟ್ಟಿಸುವವರು, ಪರದೆಯ ಹಿಂದಿನ ಗಂಭೀರ ಕಂಠವೊಂದನ್ನು ಕೇಳಿದೊಡನೆ ಪರೀಕ್ಷಿಸುವ ಗೋಜಿಗೇ ಹೋಗುವುದಿಲ್ಲ. ವರ್ಣದ ಮಾತೆತ್ತಿದರೆ ಅಂಕಿ-ಅಂಶ ಕೇಳುವ ಅದೇ ಮಹನೀಯರು, ವಿವರಣೆಗಾರರೆಲ್ಲರೂ ತಮ್ಮ ಮೆಚ್ಚಿನ ತಂಡದ ವೈರಿಗಳೆಂದು ಸಾರುವಾಗ ಯಾವ ಅಂಕಿಯನ್ನೂ ಬೇಡುವುದಿಲ್ಲ. ಮೆಚ್ಚಿನ ತಂಡದ ಮೋಹವು ನೋಡುವವನ ಕಣ್ಣನ್ನೇ ಕೆಡಿಸುವುದುಂಟು: 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ವಿದ್ಯಾಲಯಗಳ ಫುಟ್‌ಬಾಲ್ ತಂಡಗಳು ಸೆಣಸಿದ ಒರಟು ಪಂದ್ಯದ ಚಲನಚಿತ್ರವನ್ನು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ತೋರಿಸಿದಾಗ, ಡಾರ್ಟ್‌ಮತ್ತಿನ ಹುಡುಗರು ತಮ್ಮ ತಂಡದಲ್ಲಿ ಎಣಿಸಿದ ನಿಯಮಭಂಗಗಳ ಎರಡು ಪಟ್ಟಿಗಿಂತಲೂ ಹೆಚ್ಚನ್ನು ಪ್ರಿನ್ಸ್‌ಟನ್ನಿನವರು ಅದೇ ತಂಡದಲ್ಲಿ ಎಣಿಸಿದರು.