ಚಳಿ ಬರುವುದು ನೆಲದಿಂದ

ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಾಫಿ ತೋಟಗಳ ಅಂಚಿನಲ್ಲಿ ಬಣ್ಣಬಣ್ಣದ ಟೆಂಟ್‌ಗಳು ಏಳುತ್ತವೆ. ಬೆಂಗಳೂರು, ಮೈಸೂರಿನಿಂದ ಬಂದಿಳಿಯುವ ಕುಟುಂಬಗಳ ಕಾರಿನ ಡಿಕ್ಕಿ ತುಂಬ ರಗ್ಗು, ರಜಾಯಿ, ಸ್ವೆಟರು. ಇಷ್ಟಿದ್ದೂ ನಡುರಾತ್ರಿಯ ಹೊತ್ತಿಗೆ ಮಗು ನಡುಗುತ್ತ ಎದ್ದು ಕೂರುತ್ತದೆ, ಅಜ್ಜಿಗೆ ಸೊಂಟ ಹಿಡಿಯುತ್ತದೆ. ಹೊರಗಿನ ತಾಪಮಾನ ಹೆಚ್ಚೆಂದರೆ 12–15 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿರುತ್ತದೆ. ಮನೆಯ ಮಂಚದ ಮೇಲಾದರೆ ಒಂದು ದಪ್ಪ ಹೊದಿಕೆಗೆ ಮಣಿಯುವ ಚಳಿ ಅದು. ಟೆಂಟಿನಲ್ಲಿ ಮಾತ್ರ ಮೂರು ಹೊದಿಕೆಗೂ ಅದು ಜಗ್ಗದಿರುವುದಕ್ಕೆ ಕಾರಣ ಬೆನ್ನಿನ ಕೆಳಗಿದೆ.

ನಿದ್ರಿಸುತ್ತಿರುವ ವಯಸ್ಕರ ದೇಹ ಸುಮಾರು 70–80 ವ್ಯಾಟ್‌ನಷ್ಟು ಶಾಖವನ್ನು ಹೊರಸೂಸುತ್ತಿರುತ್ತದೆ. ಹೊದಿಕೆ ತಾನಾಗಿ ಬಿಸಿ ಕೊಡುವುದಿಲ್ಲ. ಎಳೆಗಳ ನಡುವೆ ಗಾಳಿಯನ್ನು ಅಲುಗಾಡದಂತೆ ಹಿಡಿದಿಟ್ಟು, ಈ ಶಾಖ ಬೇಗ ಓಡಿಹೋಗದಂತೆ ತಡೆಯುತ್ತದೆ. ನಿಂತ ಗಾಳಿಯಷ್ಟು ಒಳ್ಳೆಯ, ಅಷ್ಟೇ ಅಗ್ಗದ ಶಾಖನಿರೋಧಕ ಇನ್ನೊಂದಿಲ್ಲ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಶಾಖವನ್ನು ಸಾಗಿಸುತ್ತದೆ. ಮಲೆನಾಡಿನ ಮಣ್ಣಿನಲ್ಲಿ ಡಿಸೆಂಬರಿನಲ್ಲೂ ತೇವ ಉಳಿದಿರುತ್ತದೆ. ಅಂಥ ನೆಲದ ಮೇಲೆ ತೆಳು ಬೆಡ್‌ಶೀಟ್ ಹಾಸಿ ಮಲಗಿದರೆ ಮೈಯ ಬಿಸಿಯೆಲ್ಲ ನೆಲಕ್ಕೆ ಇಳಿಯುತ್ತದೆ. ಎರಡು ರಜಾಯಿ ಹಾಸಿದರೂ ಅಷ್ಟೇ: ಮೈಭಾರಕ್ಕೆ ಹತ್ತಿ ಅಮುಕಿಹೋಗಿ ಒಳಗಿನ ಗಾಳಿಯೇ ಖಾಲಿಯಾಗುತ್ತದೆ. ದುಬಾರಿ ಸ್ಲೀಪಿಂಗ್ ಬ್ಯಾಗಿನ ತಳಭಾಗದ ಗತಿಯೂ ಇದೇ.

ಹಾಗಾಗಿ ಟೆಂಟ್ ಬಿಟ್ಟರೆ ಹಣ ಖರ್ಚು ಮಾಡಬೇಕಾದ ಮೊದಲ ವಸ್ತು ಹಾಸಿಗೆ. ಭಾರಕ್ಕೆ ಕುಸಿಯದೆ ಗಾಳಿಯನ್ನು ಹಿಡಿದಿಡುವ ಫೋಮ್ ಮ್ಯಾಟ್ ಇದಕ್ಕೆ ಸರಳ ಉಪಾಯ. ಮಕ್ಕಳ ಕೋಣೆಯಲ್ಲಿ ಒಂದಕ್ಕೊಂದು ಜೋಡಿಸಿ ಹಾಸುವ ಫೋಮ್ ಚೌಕಗಳನ್ನೇ ಟೆಂಟಿನ ತುಂಬ ಹಾಸಿದರೂ ಸಾಕು, ರಾತ್ರಿಯ ಸ್ವರೂಪವೇ ಬದಲಾಗುತ್ತದೆ. ಅದರ ಮೇಲೊಂದು ಜಮಖಾನ ಇದ್ದರೆ ಇನ್ನೂ ಒಳ್ಳೆಯದು.

ಇನ್ನಷ್ಟು ಮೆತ್ತಗಿನದು ಬೇಕೆಂದರೆ ತಾನೇ ಉಬ್ಬುವ ಹಾಸಿಗೆಗಳಿವೆ. ಅವುಗಳ ಹುಟ್ಟಿನ ಹಿಂದೆ ಒಂದು ಸ್ವಾರಸ್ಯವಿದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೋಯಿಂಗ್ ಕಂಪನಿ ಸಾವಿರಾರು ಜನರನ್ನು ಕೆಲಸದಿಂದ ಕೈಬಿಟ್ಟಿತು. ಅವರಲ್ಲಿ ಎಂಜಿನಿಯರ್‌ಗಳಾದ ಜಿಮ್ ಲೀ ಮತ್ತು ನೀಲ್ ಆಂಡರ್ಸನ್ ಇದ್ದರು. ತೋಟದ ಕೆಲಸ ಮಾಡುವಾಗ ಮಂಡಿಯಡಿ ಹಾಕಿಕೊಂಡಿದ್ದ ಫೋಮಿನ ತುಂಡು ಗಾಳಿ ಬಿಡುವುದನ್ನು, ಮತ್ತೆ ಉಬ್ಬುವುದನ್ನು ಲೀ ಗಮನಿಸಿದರು. ಆ ಗಾಳಿ ಹೊರಹೋಗದಂತೆ ಫೋಮನ್ನು ಗಾಳಿಯಾಡದ ಬಟ್ಟೆಯಲ್ಲಿ ಮುಚ್ಚಿ ಒಂದು ವಾಲ್ವ್ ಕೂರಿಸಿದರೆ? ಪರ್ವತಾರೋಹಿಗಳಾಗಿದ್ದ ಗೆಳೆಯರಿಗೆ ಅದರ ಬೆಲೆ ತಕ್ಷಣ ತಿಳಿಯಿತು. ಜಾನ್ ಬರೋಸ್ ಎಂಬ ಇನ್ನೊಬ್ಬ ಗೆಳೆಯರೊಡನೆ ಸೇರಿ 1972ರಲ್ಲಿ ಕಂಪನಿ ಕಟ್ಟಿದರು. ‘ಥರ್ಮ್-ಎ-ರೆಸ್ಟ್’ ಹಾಸಿಗೆ ಬಂದದ್ದು ಹೀಗೆ.

ಇಲ್ಲೊಂದು ಎಚ್ಚರಿಕೆ. ಪಂಪಿನಿಂದ ಊದುವ ದಪ್ಪ ಗಾಳಿಹಾಸಿಗೆಯೊಳಗೆ ಫೋಮ್ ಇರುವುದಿಲ್ಲ. ಒಳಗಿನ ಗಾಳಿ ನಿಂತಲ್ಲಿ ನಿಲ್ಲದೆ ಸುತ್ತಾಡುತ್ತ ಮೇಲಿನ ಬಿಸಿಯನ್ನು ನೆಲಕ್ಕೆ ಒಪ್ಪಿಸುತ್ತಲೇ ಇರುತ್ತದೆ. ಮಂಚದಷ್ಟೇ ಎತ್ತರದ ಹಾಸಿಗೆಯ ಮೇಲೂ ಚಳಿಯಾಗುವುದು ಇದರಿಂದಲೇ. ಅದರ ಮೇಲೆ ಫೋಮ್ ಮ್ಯಾಟ್ ಅಥವಾ ಕಂಬಳಿ ಹಾಸಿದರೆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಕ್ಯಾಂಪಿಂಗ್ ಹಾಸಿಗೆಗಳ ಮೇಲೆ ‘ಆರ್ ವ್ಯಾಲ್ಯೂ’ ಎಂಬ ಅಂಕಿ ಇರುತ್ತದೆ. ಶಾಖ ತಡೆಯುವ ಶಕ್ತಿಯ ಈ ಅಳತೆಗೆ 2018ರಲ್ಲಿ ಒಂದು ಏಕರೂಪದ ಪರೀಕ್ಷಾ ಮಾನದಂಡ ಬಂತು. ಮಲೆನಾಡಿನ ಚಳಿಗಾಲಕ್ಕೆ 2ರ ಆಸುಪಾಸಿನದು ಸಾಕು. ಹಿಮಾಲಯದ ಹಿಮದ ಮೇಲೆ ಮಲಗುವವರು 4 ದಾಟಿದ್ದನ್ನು ಹುಡುಕಬೇಕು.

ಸ್ಲೀಪಿಂಗ್ ಬ್ಯಾಗಿನ ಮೇಲಿನ ಅಂಕಿಗಳನ್ನು ಓದುವುದಕ್ಕೂ ಸ್ವಲ್ಪ ತಿಳಿವಳಿಕೆ ಬೇಕು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಪರೀಕ್ಷಿಸಿದ ಬ್ಯಾಗಿನಲ್ಲಿ ‘ಕಂಫರ್ಟ್’, ‘ಲಿಮಿಟ್’ ಎಂಬ ಎರಡು ತಾಪಮಾನಗಳಿರುತ್ತವೆ. ಮೊದಲನೆಯದು ಸಾಮಾನ್ಯ ಮೈಕಟ್ಟಿನ ಹೆಂಗಸು ಆರಾಮವಾಗಿ ಮಲಗಬಲ್ಲ ಮಟ್ಟ. ಎರಡನೆಯದು ಸಾಮಾನ್ಯ ಮೈಕಟ್ಟಿನ ಗಂಡಸು ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಲ್ಲ ಮಟ್ಟ. ಕುಟುಂಬಕ್ಕೆ ಕೊಳ್ಳುವವರು ಮೊದಲನೆಯದನ್ನು ಮಾತ್ರ ನೋಡಬೇಕು. ಮಕ್ಕಳ ಬ್ಯಾಗುಗಳು ಈ ಮಾನದಂಡದ ವ್ಯಾಪ್ತಿಗೇ ಬರುವುದಿಲ್ಲ. ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತೀರ್ಣ ದೊಡ್ಡದು, ಆದ್ದರಿಂದ ಅವರ ಮೈ ಬೇಗ ತಣ್ಣಗಾಗುತ್ತದೆ. ದೊಡ್ಡವರಿಗೆ ಸಾಕೆನಿಸಿದ್ದು ಮಕ್ಕಳಿಗೆ ಸಾಲದು.

ಇನ್ನು ಕಂಬಳಿ. ದಖನಿ ಕುರಿಯ ಉಣ್ಣೆಯಿಂದ ನೇಯ್ದ ಚಳ್ಳಕೆರೆಯ ಕಂಬಳಿ ಹೊದ್ದು ಕುರುಬರು ತಲೆಮಾರುಗಳಿಂದ ಬಯಲಲ್ಲೇ ರಾತ್ರಿ ಕಳೆದಿದ್ದಾರೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡೂ ಒದ್ದೆಯೆನಿಸುವುದಿಲ್ಲ. ಹೀರುವಾಗ ಅಷ್ಟಿಷ್ಟು ಬಿಸಿಯನ್ನೂ ಬಿಡುಗಡೆ ಮಾಡುತ್ತದೆ. ಹತ್ತಿಯಾದರೋ ಒದ್ದೆಯಾದ ಕೂಡಲೇ ಎಳೆಗಳ ನಡುವಿನ ಗಾಳಿ ಹೋಗಿ ನೀರು ತುಂಬಿಕೊಳ್ಳುತ್ತದೆ. ಮಂಜಿನ ರಾತ್ರಿಗೆ ಆಮದು ಸರಕಿನ ಜೊತೆ ಒಂದು ಕಂಬಳಿಯೂ ಡಿಕ್ಕಿಯಲ್ಲಿರಲಿ.

ಬೆಳಗ್ಗೆ ಎದ್ದಾಗ ಟೆಂಟಿನ ಒಳಮೈ ತೊಟ್ಟಿಕ್ಕುತ್ತಿದ್ದರೆ ಮಳೆಯಿಲ್ಲದಿದ್ದರೂ ಸೋರಿದೆ ಎಂದೇ ಹಲವರು ಭಾವಿಸುತ್ತಾರೆ, ಅಂಗಡಿಯವನ ಮೇಲೆ ರೇಗುತ್ತಾರೆ. ಆ ನೀರು ಬಂದದ್ದು ಮಲಗಿದವರ ಉಸಿರಿನಿಂದ. ಒಬ್ಬ ವಯಸ್ಕರ ಉಸಿರು, ಚರ್ಮದಿಂದ ಒಂದು ರಾತ್ರಿಯಲ್ಲಿ ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಹೋಗುತ್ತದೆ. ನಾಲ್ವರಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್! ನಿರಭ್ರ ಆಕಾಶದ ಕೆಳಗೆ ಟೆಂಟಿನ ಬಟ್ಟೆ ತನ್ನ ಶಾಖವನ್ನು ವಿಕಿರಣದ ಮೂಲಕ ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಉಸಿರಿನ ಆವಿ ಅಲ್ಲಿಗೆ ತಾಗಿ ಹನಿಗಟ್ಟುತ್ತದೆ. ಚಳಿಯೆಂದು ಕಿಟಕಿಗಳನ್ನೆಲ್ಲ ಮುಚ್ಚಿದಷ್ಟೂ ಒಳಗೆ ಒದ್ದೆ ಹೆಚ್ಚು. ಎದುರುಬದುರಿನ ಎರಡು ಗಾಳಿಕಿಂಡಿಗಳು ತೆರೆದಿರಬೇಕು, ಒದ್ದೆ ಟವೆಲ್, ಕಾಲುಚೀಲಗಳು ಹೊರಗಿರಬೇಕು. ಒಳಗೊಂದು ಬಲೆಬಟ್ಟೆ, ಹೊರಗೊಂದು ಮಳೆಹೊದಿಕೆ ಇರುವ ಎರಡು ಪದರದ ಟೆಂಟಿನಲ್ಲಿ ಹನಿಗಳು ಹೊರಪದರದ ಮೇಲೆಯೇ ನಿಲ್ಲುವುದರಿಂದ ಹಾಸಿಗೆ ಒಣಗಿರುತ್ತದೆ. ಕೊಳ್ಳುವಾಗ ‘ನಾಲ್ಕು ಜನರ ಟೆಂಟ್’ ಎಂದರೆ ನಾಲ್ವರು ಭುಜಕ್ಕೆ ಭುಜ ತಾಗಿಸಿ ಮಲಗುವಷ್ಟು ಜಾಗ ಎಂದೇ ಅರ್ಥ. ನಾಲ್ವರ ಕುಟುಂಬ ಸಾಮಾನು ಸಮೇತ ನೆಮ್ಮದಿಯಾಗಿರಲು ಆರು ಜನರದ್ದು ಬೇಕು.

ಟೆಂಟಿನಡಿ ಹಾಸುವ ಟಾರ್ಪಾಲು ಟೆಂಟಿನ ತಳಕ್ಕಿಂತ ಒಂದಿಷ್ಟು ಚಿಕ್ಕದಿರಲಿ. ಅಂಚು ಹೊರಚಾಚಿದರೆ ಮಳೆನೀರನ್ನು ಹಿಡಿದು ನೇರ ಬೆನ್ನಡಿಗೆ ಸಾಗಿಸುತ್ತದೆ. ಜಾಗವನ್ನು ಆರಿಸುವಾಗ ಹೊಳೆಯ ಪಕ್ಕದ ತಗ್ಗು ಎಷ್ಟು ಚೆಂದ ಕಂಡರೂ ಬೇಡ. ತಣ್ಣನೆಯ ಗಾಳಿ ಬಿಸಿಗಾಳಿಗಿಂತ ಭಾರ. ರಾತ್ರಿ ಅದು ಇಳಿಜಾರಿನಲ್ಲಿ ಜಾರಿಬಂದು ಕಣಿವೆಯ ತಳದಲ್ಲಿ ಮಡುಗಟ್ಟುತ್ತದೆ. ಸ್ವಲ್ಪ ಮೇಲೆ ಹೋದರೂ ಚಳಿ ಕಡಿಮೆಯೆಂಬುದು ಮೈಗೆ ತಿಳಿಯುತ್ತದೆ.

ಚಳಿ ತಡೆಯಲಾರದೆ ಅಗ್ಗಿಷ್ಟಿಕೆಯನ್ನೋ ಕೆಂಡದ ಬಾಣಲೆಯನ್ನೋ ಟೆಂಟಿನೊಳಗೆ ಇಡುವುದುಂಟು. ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಕಡಿಮೆ: ಇಡಲೇಬಾರದು. ಸಾಕಷ್ಟು ಆಮ್ಲಜನಕ ಸಿಗದೆ ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು ಬರುವಷ್ಟರಲ್ಲಿ ಏಳುವ ಶಕ್ತಿಯೇ ಉಡುಗಿರುತ್ತದೆ. ಹೊಗೆ ನಿಂತು ಬೂದಿ ಮುಚ್ಚಿದ ಕೆಂಡವೂ ಇದನ್ನು ಉಗುಳುತ್ತಲೇ ಇರುತ್ತದೆ. ಉತ್ತರ ಭಾರತದಲ್ಲಿ ಮುಚ್ಚಿದ ಕೋಣೆಯಲ್ಲಿಟ್ಟ ಅಂಗೀಠಿಯಿಂದ, ಅಂದರೆ ಕೆಂಡದ ಒಲೆಯಿಂದ, ಇಡೀ ಕುಟುಂಬಗಳು ಸತ್ತ ಸುದ್ದಿ ಪ್ರತಿ ಚಳಿಗಾಲವೂ ಬರುತ್ತದೆ. ಗ್ಯಾಸ್ ಸ್ಟೌವ್ ಕೂಡ ಒಳಗೆ ಸಲ್ಲದು. ಬಿಸಿಯೇ ಬೇಕೆಂದರೆ ರಬ್ಬರಿನ ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ ಕಾಲಬುಡದಲ್ಲಿ ಇಟ್ಟುಕೊಳ್ಳಬಹುದು.

ಮಲೆನಾಡಿಗೆ ಹೋಗುವವರು ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ಟೆಂಟಿಗೆ ಹೇಳಿಮಾಡಿಸಿದ ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳೇ ಮಂಗನ ಕಾಯಿಲೆಯ ಕಾಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ವೈರಸ್ ಉಣುಗುಗಳ ಮೂಲಕ ಹರಡುತ್ತದೆ. ಮರಿ ಉಣುಗು ಎಷ್ಟು ಚಿಕ್ಕದೆಂದರೆ ಮೈಮೇಲಿದ್ದರೂ ಕಣ್ಣಿಗೆ ಬೀಳದಿರಬಹುದು. ತರಗೆಲೆಯ ಮೇಲೆ ನೇರ ಕೂರಬಾರದು. ಉದ್ದ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಬೇಕು, ಆರೋಗ್ಯ ಇಲಾಖೆ ಹಂಚುವ, ಉಣುಗನ್ನು ದೂರವಿಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು, ಸಂಜೆ ಬಿಸಿನೀರಿನ ಸ್ನಾನ ಮಾಡಿ ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಸಂದಿಯಲ್ಲಿ ಹುಡುಕಿ ನೋಡಬೇಕು. ಮಂಗ ಸತ್ತುಬಿದ್ದಿರುವ ಜಾಗದಿಂದ ದೂರವಿದ್ದು ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಅರಣ್ಯದೊಳಗೆ ಇಲಾಖೆಯ ಅನುಮತಿಯಿಲ್ಲದೆ ತಂಗುವಂತಿಲ್ಲ. ಆನೆ ಓಡಾಡುವ ಸೀಮೆಯಲ್ಲಿ ಬಾಳೆಹಣ್ಣನ್ನೂ ಉಳಿದ ಅಡುಗೆಯನ್ನೂ ಟೆಂಟಿನಲ್ಲಿ ಇಡಬಾರದು.

ಬೆಳಕಿನ ವಿಷಯದಲ್ಲಿ ಬಿಳಿ ಎಲ್‌ಇಡಿಗಿಂತ ಹಳದಿ ಛಾಯೆಯ ದೀಪ ಮೇಲು. ಕೀಟಗಳು ನೀಲಿ ಮತ್ತು ಅತಿನೇರಳೆ ಬೆಳಕಿನತ್ತಲೇ ಹೆಚ್ಚು ಮುಗಿಬೀಳುತ್ತವೆ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಪ್ರಖರ ಟಾರ್ಚು ಒಮ್ಮೆ ಕಣ್ಣಿಗೆ ಹೊಡೆದರೆ ಅದು ಮಣ್ಣುಪಾಲು. ಮಂದ ಕೆಂಪು ಬೆಳಕಿರುವ ಹೆಡ್‌ಲ್ಯಾಂಪ್ ಇದ್ದರೆ ಮಕ್ಕಳಿಗೆ ಮಹಾವ್ಯಾಧ, ಕೃತ್ತಿಕೆಗಳನ್ನು ತೋರಿಸಬಹುದು. ನಗರದಲ್ಲಿ ಬೆಳೆದ ಮಕ್ಕಳಿಗೆ ಈ ಆಕಾಶವೇ ಪ್ರವಾಸದ ದೊಡ್ಡ ಭಾಗ್ಯ.

ಬೆಳಗ್ಗೆ ಹೊರಡುವ ಗಡಿಬಿಡಿಯಲ್ಲಿ ಟೆಂಟನ್ನು ಒದ್ದೆಯಾಗಿಯೇ ಸುತ್ತಿಡುವುದು ಅನಿವಾರ್ಯವಾಗಬಹುದು. ಊರು ಸೇರಿದ ದಿನವೇ ಅದನ್ನು ಮಹಡಿಯ ಮೇಲೆ ನೆರಳಿನಲ್ಲಿ ಹರಡಿ ಒಣಗಿಸಬೇಕು. ನೀರು ತಡೆಯುವ ಪಾಲಿಯುರೆಥೇನ್ ಲೇಪನ ತೇವದಲ್ಲಿ ನಿಧಾನವಾಗಿ ವಿಭಜನೆಗೊಂಡು ಅಂಟಂಟಾಗುತ್ತದೆ, ಕೆಟ್ಟ ವಾಸನೆ ಹೊಡೆಯುತ್ತದೆ. ಒಮ್ಮೆ ಹಾಗಾದ ಮೇಲೆ ಮೊದಲಿನಂತೆ ಮಾಡಲಾಗದು. ಬಿಸಿಲು ನೈಲಾನ್ ಎಳೆಗಳನ್ನು ದುರ್ಬಲಗೊಳಿಸುವುದರಿಂದ ನೆರಳೇ ಸರಿ. ಸ್ಲೀಪಿಂಗ್ ಬ್ಯಾಗನ್ನು ಅದರ ಬಿಗಿಚೀಲದಲ್ಲಿ ತುರುಕಿಡದೆ ದೊಡ್ಡ ಹತ್ತಿಯ ಚೀಲದಲ್ಲಿ ಸಡಿಲವಾಗಿ ಇಟ್ಟರೆ ಅದರ ಉಬ್ಬು ಮುಂದಿನ ಚಳಿಗಾಲಕ್ಕೂ ಉಳಿಯುತ್ತದೆ.